ಅಳಿಯನ ಕಣ್ಣೊಳಗಿನ ಸದ್ದು

ನನ್ನ ಅಳಿಯ ಅರ್ನುಲ್ಫೊನ ತಲೆಗೆ ಕಬ್ಬಿಣದ ತೇಹೊ ಬಡಿದದ್ದು ನನ್ನ ಕೈಯಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ‘ಒತೀಲಿಯಾ ಮುದುಕಿ ಮುಚ್ಚಿಟ್ಟಳು’ ಎನ್ನಬಾರದು. ಮುಚ್ಚಿಟ್ಟದ್ದೂ ನಿಜವೇ, ಮೂರು ವಾರ ಮುಚ್ಚಿಟ್ಟೆ. ಆ ಮೂರು ವಾರ ಹೇಗೆ ಕಳೆದೆ ಎಂದು ನನಗೊಬ್ಬಳಿಗೇ ಗೊತ್ತು.

ನಮ್ಮೂರು ತುರ್ಮೆಕೆಯಿಂದ ಹೊರಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತೇಹೊ ಆಟದ ಅಂಗಳ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಇಪ್ಪತ್ತು ಮೀಟರ್ ಆಚೆ ಹಲಗೆಯ ಚೌಕಟ್ಟು, ಅದರ ತುಂಬ ಹಸಿ ಜೇಡಿಮಣ್ಣು, ಮಣ್ಣಿನ ನಡುವೆ ಕಬ್ಬಿಣದ ಬಳೆ, ಬಳೆಯ ಅಂಚಿಗೆ ಸಿಡಿಮದ್ದು ತುಂಬಿದ ಕಾಗದದ ಪುಟ್ಟ ತ್ರಿಕೋನಗಳು. ಅವಕ್ಕೆ ಮೇಚಾ ಎನ್ನುತ್ತೇವೆ. ತೇಹೊ ಎಂದರೆ ಅಂಗೈ ಅಗಲದ ಕಬ್ಬಿಣದ ಬಿಲ್ಲೆ, ಮುಕ್ಕಾಲು ಕಿಲೋ ತೂಗುತ್ತದೆ. ಅದನ್ನು ಬೀಸಿ ಎಸೆದು ಮೇಚಾ ಸಿಡಿಸಬೇಕು. ಹೆಂಗಸರು ಅರ್ಧ ದೂರದಿಂದ ಎಸೆಯುವ ಸಣ್ಣ ಆಟ ಆಡುತ್ತಾರೆ. ನಾನು ಗಂಡಸರ ಗೆರೆಯಿಂದಲೇ ಎಸೆಯುತ್ತೇನೆ. ಅರವತ್ತೆರಡು ವರ್ಷಕ್ಕೂ ನನ್ನ ತೋಳು ಗಟ್ಟಿಯಾಗಿದೆ, ಸುಳ್ಳೇಕೆ ಹೇಳಲಿ.

ನನ್ನ ಮಗಳು ಮಾರ್ಲೆನಿಗೆ ಬೊಗೋತಾ ಹತ್ತಿರದ ಹೂವಿನ ತೋಟದಲ್ಲಿ ಗುಲಾಬಿ ಕತ್ತರಿಸುವ ಕೆಲಸ. ತಿಂಗಳಿಗೊಮ್ಮೆ ಮನೆಗೆ ಬರುತ್ತಾಳೆ. ಗಂಡನನ್ನು ಮಾತ್ರ ನನ್ನ ತಲೆಗೆ ಕಟ್ಟಿ ಹೋಗಿದ್ದಾಳೆ. ಮೇಚಾ ಮಡಿಚುವುದು, ಸಿಡಿದ ಜಾಗಕ್ಕೆ ಹೊಸದನ್ನು ಇಡುವುದು, ಮಣ್ಣಿಗೆ ನೀರು ಹಾಕುವುದು, ಬಿಯರ್ ಪೆಟ್ಟಿಗೆ ಹೊರುವುದು, ಎಲ್ಲ ಅವನದೇ. ಅರ್ನುಲ್ಫೊ ಕೆಟ್ಟವನಲ್ಲ. ಆದರೆ ನಿಧಾನ! ಅವನು ಒಂದು ಮೇಚಾ ಇಟ್ಟು ಏಳುವಷ್ಟರಲ್ಲಿ ನಾನು ಅರ್ಧ ಮೂಟೆ ಆಲೂಗಡ್ಡೆ ಸುಲಿದಿರುತ್ತೇನೆ. ಮದುವೆಯಾಗಿ ಆರು ವರ್ಷವಾದರೂ ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಭಾನುವಾರ ಪಕ್ಕದ ಊರಿನ ತಂಡದ ಜೊತೆ ಪಂದ್ಯ. ಕೊನೆಯ ಎಸೆತ ನನ್ನದು. ಅರ್ನುಲ್ಫೊ ಚೌಕಟ್ಟಿನ ಹತ್ತಿರ ಬಗ್ಗಿ ಮೇಚಾ ಸರಿಮಾಡುತ್ತಲೇ ಇದ್ದ.

“ಅಳಿಯ ದೇವ್ರೇ, ಅಲ್ಲೇ ತೊಟ್ಲು ಕಟ್ಕೊಂಡು ಮಲಗ್ಬಿಡಿ! ನಾವು ನಾಳೆ ಬರ್ತೀವಿ!” ಎಂದು ಕೂಗಿದೆ.

“ಆಯ್ತು ಅತ್ತೆ, ಒಂದೇ ನಿಮಿಷ,” ಎಂದ.

ಅವನು ಬಲಕ್ಕೆ ಒಂದು ಹೆಜ್ಜೆ ಸರಿದ. ಇನ್ನೂ ಎರಡು ಹೆಜ್ಜೆ ಸರಿಯಲಿ ಎಂದು ನಾನು ಕಾಯಬೇಕಿತ್ತು. ಕಾಯಲಿಲ್ಲ, ಎಸೆದೆ. ತೇಹೊ ಹಲಗೆಯ ಅಂಚಿಗೆ ಬಡಿದು, ಪುಟಿದು, ಅವನ ಬಲ ಹುಬ್ಬಿನ ಮೇಲೆ ಠಕ್ಕೆಂದು ತಾಗಿತು. ಅವನು ಜೇಡಿಮಣ್ಣಿನಲ್ಲಿ ಕುಸಿದು ಕುಳಿತ.

ಓಡಿದೆ. ಹುಬ್ಬಿನ ಮೇಲೆ ಎರಡು ಬೆರಳಗಲ ಸೀಳಿತ್ತು, ರಕ್ತ ಅಷ್ಟೇನೂ ಬಂದಿರಲಿಲ್ಲ. “ಏನಿಲ್ಲ ಅತ್ತೆ, ಏನಿಲ್ಲ,” ಎನ್ನುತ್ತ ತಾನೇ ಎದ್ದು ನಿಂತ.

“ತೇಹೊಗೆ ಪೆಟ್ಟಾಯ್ತಾ ನೋಡ್ರಪ್ಪಾ ಮೊದ್ಲು!” ಎಂದು ಎದುರು ತಂಡದವನೊಬ್ಬ ಕೂಗಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಗುತ್ತಲೇ ಲಂಗದ ಅಂಚಿನಿಂದ ಅವನ ಹುಬ್ಬಿನ ರಕ್ತ ಒರೆಸಿದೆ.

ಸಂಜೆ ಮಗಳು ಫೋನ್ ಮಾಡಿದಾಗ, “ನಿನ್ ಗಂಡ ಮೆಟ್ಲ ಮೇಲೆ ಜಾರಿ ಹಣೆ ಒಡ್ಕೊಂಡಿದ್ದಾನೆ, ಅಷ್ಟೇ,” ಎಂದೆ. ಪಕ್ಕದಲ್ಲೇ ನಿಂತಿದ್ದ ಅರ್ನುಲ್ಫೊ ನನ್ನ ಮುಖ ನೋಡಿದ.

ನಾಲ್ಕು ದಿನ ಕಳೆದ ಮೇಲೆ ಬೆಳಗಿನ ತಿಂಡಿ ತಿನ್ನುವಾಗ ಅಂದ: “ಅತ್ತೆ, ತಲೇಲಿ ಏನೋ ಸದ್ದು.”

“ಬಾರಪ್ಪ, ನಮ್ಮ ಕುಲಕ್ಕೆ ಸೇರ್ದೆ!” ಎಂದೆ. “ಅದು ಮೇಚಾ ಕಿವಿ. ನಂಗೆ ನಲವತ್ತು ವರ್ಷದಿಂದ ಐತೆ. ನಾನೇನು ಊಟ ಬಿಟ್ಟಿದ್ದೀನಾ?”

ತೇಹೊ ಅಂಗಳದಲ್ಲಿ ಬದುಕುವವರಿಗೆಲ್ಲ ಈ ಕಾಯಿಲೆ ಇದ್ದದ್ದೇ. ದಿನವಿಡೀ ಮದ್ದು ಸಿಡಿದು ಸಿಡಿದು ಕಿವಿಯೊಳಗೆ ಸದ್ದೊಂದು ಮನೆ ಮಾಡಿಕೊಳ್ಳುತ್ತದೆ. ನನ್ನ ಬಲಗಿವಿ ಅರ್ಧ ಕಿವುಡು. ನಮ್ಮೂರಲ್ಲಿ ಕಿವಿಯಲ್ಲಿ ಸದ್ದು ಎಂದು ಯಾರಾದರೂ ಗೋಳಾಡಿದರೆ ಅವರಿಗೆ ಒಂದು ಬಿಯರ್ ಕೊಟ್ಟು ಕೂರಿಸುತ್ತೇವೆ.

ಮರುವಾರ ಅವನ ಬಲಗಣ್ಣು ಕೆಂಪಾಯಿತು. ಮದ್ದಿನ ಕೈಯಲ್ಲಿ ಕಣ್ಣುಜ್ಜಿಕೊಂಡಿದ್ದಾನೆ ಎಂದುಕೊಂಡೆ. ನಮ್ಮಲ್ಲಿ ಅದೂ ಮಾಮೂಲೇ. ಮನ್ಸನಿಯಾ ಹೂವಿನ ಕಷಾಯ ಆರಿಸಿ ಕಣ್ಣು ತೊಳೆಸಿದೆ. ಕಡಿಮೆಯಾಗಲಿಲ್ಲ. ಊರಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರು, “ಏನ್ ಕೆಲ್ಸ ಮಾಡ್ತೀರಿ?” ಎಂದರು.

“ತೇಹೊ ಅಂಗಳದಲ್ಲಿ. ಮೇಚಾ ಮಡಿಸ್ತೀನಿ.”

“ಹಾಗಾದ್ರೆ ಗೊತ್ತಾಯ್ತು ಬಿಡಿ. ತಲೆಗೆ ಗಿಲೆಗೆ ಏನಾದ್ರೂ ಪೆಟ್ಟು?”

ಅರ್ನುಲ್ಫೊ ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿದ. ಹುಬ್ಬಿನ ಗಾಯ ಆಗಲೇ ಮಾಗಿ ಗೆರೆಯಾಗಿತ್ತು. “ಇಲ್ಲ ಡಾಕ್ಟ್ರೇ,” ಎಂದ. ನಾನು ಗೋಡೆಯ ಮೇಲಿದ್ದ ಲಸಿಕೆಯ ಚಿತ್ರವನ್ನು ನೋಡುತ್ತ ನಿಂತೆ. ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು.

ಹನಿ ಹಾಕಿದ್ದೇ ಬಂತು. ಮೂರನೆಯ ವಾರ ಕಣ್ಣು ಮುಂದಕ್ಕೆ ಉಬ್ಬಿಕೊಂಡಿತು. ಬಿಳಿ ಭಾಗದಲ್ಲಿ ಕೆಂಪು ಎಳೆಗಳು ಸುರುಳಿ ಸುರುಳಿಯಾಗಿ ಎದ್ದವು. “ಎಲ್ಲಾ ಎರಡೆರಡು ಕಾಣ್ತಿದೆ ಅತ್ತೆ,” ಎಂದ. “ಒಳ್ಳೇದಾಯ್ತು, ಎರಡು ಬಳೆ ಕಂಡ್ರೆ ಒಂದಕ್ಕಾದ್ರೂ ಹೊಡೀತೀಯ,” ಎಂದೆ ನಾನು, ಪಾಪಿ. ಹೆದರಿದಾಗ ನನ್ನ ನಾಲಗೆ ಹೀಗೇ ಹರಿಯುತ್ತದೆ. ಆ ವಾರವೆಲ್ಲ ನನಗೆ ಒಂದು ತುತ್ತೂ ಸರಿಯಾಗಿ ಇಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಹಿತ್ತಿಲ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದ. ಮಡಿಚಬೇಕಾದ ಕಾಗದ ಹಾಗೇ ಬಿದ್ದಿತ್ತು. ಎಡಗೈ ಬೆರಳಿನಿಂದ ಮೇಜನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು. ಎಬ್ಬಿಸೋಣವೆಂದು ಅವನ ಬಲಗೈ ಮಣಿಕಟ್ಟು ಹಿಡಿದು ಎಳೆದೆ.

“ಎದ್ದೇಳು! ಇಲ್ಲೇನು ನಗಾರಿ ಬಾರಿಸ್ತಾ ಕೂತಿದ್ದೀಯ?”

“ನಾನ್ ಬಾರಿಸ್ತಿಲ್ಲ ಅತ್ತೆ. ಅದೇ ಬಾರಿಸ್ತಿದೆ. ತಲೇಲಿರೋದು. ಅದ್ರ ಜೊತೆ ಬೆರಳು ತಾನೇ ಹೋಗುತ್ತೆ.”

ನನ್ನ ಬೆರಳ ಕೆಳಗೆ ಅವನ ನಾಡಿ ಬಡಿಯುತ್ತಿತ್ತು. ಮೇಜಿನ ಮೇಲೆ ಅವನ ಬೆರಳು ಬಡಿಯುತ್ತಿತ್ತು. ಎರಡೂ ಒಂದೇ. ನಾಡಿ ಒಂದು, ಬೆರಳು ಒಂದು. ನಾಡಿ ಒಂದು, ಬೆರಳು ಒಂದು. ನಾನು ಮಣಿಕಟ್ಟು ಬಿಡಲೇ ಇಲ್ಲ.

“ಬಿಟ್ಟು ಬಿಟ್ಟು ಬರುತ್ತಾ ಅದು?”

“ಹೂಂ. ಶೂ... ಶೂ... ಶೂ... ಅಂತ. ಪೆಟ್ಟಿಗೆ ಹೊತ್ಕೊಂಡು ಬಂದ್ರೆ ಜೋರಾಗಿ, ಬೇಗ ಬೇಗ ಬರುತ್ತೆ. ಮಲಗಿದ್ರೆ ನಿಧಾನ.”

“ಮೊದ್ಲೇ ಯಾಕ್ ಹೇಳ್ಲಿಲ್ಲ ಮುಠ್ಠಾಳ?”

“ಮೇಚಾ ಕಿವಿ ಅಂದ್ರಲ್ಲ ನೀವು. ನಿಮಗೂ ಹಂಗೇ ಅಂದ್ಕೊಂಡೆ.”

ಮೇಚಾ ಕಿವಿಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಲವತ್ತು ವರ್ಷ ಅದರ ಜೊತೆ ಸಂಸಾರ ಮಾಡಿದ್ದೇನೆ. ಅದು ಕುಂಯ್ ಎಂದು ಒಂದೇ ಎಳೆಯಾಗಿ ಕೊರೆಯುತ್ತದೆ. ಓಡಿದರೂ ಅಷ್ಟೇ, ಮಲಗಿದರೂ ಅಷ್ಟೇ. ಮೇಚಾ ಕಿವಿಗೆ ತಾಳ ಇಲ್ಲ. ಇವನ ತಲೆಯೊಳಗೆ ಸದ್ದು ಮಾಡುತ್ತಿರುವುದು ಮದ್ದಲ್ಲ, ರಕ್ತ.

ಅಂಗಳಕ್ಕೆ ಬೀಗ ಹಾಕಿದೆ. ಹತ್ತೂವರೆ ಬಸ್ಸಿಗೆ ಅವನನ್ನು ತುಂಬಿಕೊಂಡು ಹತ್ತಿರದ ಪಟ್ಟಣ ತುಂಹಾಕ್ಕೆ ಹೊರಟೆ.

ಅಲ್ಲಿನ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಚೀಟಿ ಬರೆಯುವವನು ದೂರದಿಂದಲೇ ಒಮ್ಮೆ ನೋಡಿ, “ಕಣ್ಣು ಬಂದಿದೆ. ಅಲ್ಲಿ ಕೂತ್ಕೊಳ್ಳಿ, ಕೂಗ್ತೀವಿ,” ಎಂದ.

“ಕಣ್ಣು ಬಂದಿರೋದಲ್ಲಪ್ಪ, ಕಣ್ಣು ಹೋಗ್ತಿರೋದು!” ಎಂದೆ. ತೇಹೊ ಅಂಗಳದಲ್ಲಿ ಬೆಳೆದ ಗಂಟಲು ನನ್ನದು. ಮೂರು ಬಾಗಿಲಾಚೆಯಿಂದ ಒಬ್ಬ ಡಾಕ್ಟರಮ್ಮ ಹೊರಗೆ ಇಣುಕಿದಳು. ಮೂವತ್ತು ದಾಟಿರಲಿಕ್ಕಿಲ್ಲ, ಕೂದಲನ್ನು ಪೆನ್ನಿಗೆ ಸುತ್ತಿ ಗಂಟು ಹಾಕಿದ್ದಳು. ಮಿರೆಯಾ ಅಂತ ಹೆಸರು.

“ಯಾರಮ್ಮ ಕೂಗಿದ್ದು?”

“ನಾನೇ. ಇವನ ತಲೇಲಿ ನಾಡಿ ಕೂಗ್ತಿದೆ. ಕೇಳೋರು ಯಾರಾದ್ರೂ ಇದ್ದಾರಾ ಇಲ್ಲಿ?”

ಅವಳ ಮುಖದಲ್ಲಿದ್ದ ಕೋಪ ಆ ಮಾತಿಗೆ ಇಳಿದುಹೋಯಿತು. “ಒಳಗೆ ಬನ್ನಿ,” ಎಂದಳು.

ಅರ್ನುಲ್ಫೊನನ್ನು ಮಲಗಿಸಿ, ಬೆರಳಾಡಿಸಿ ಅತ್ತ ನೋಡು ಇತ್ತ ನೋಡು ಎಂದಳು. ಬಲಗಣ್ಣು ಹೊರಮಗ್ಗುಲಿಗೆ ತಿರುಗಲೇ ಇಲ್ಲ. ಆಮೇಲೆ ಕಣ್ಣು ಮುಚ್ಚಿಸಿ, ಎದೆಗೆ ಇಡುವ ಸ್ಟೆತಾಸ್ಕೋಪನ್ನು ಅವನ ರೆಪ್ಪೆಯ ಮೇಲೆ ಇಟ್ಟಳು. ಕಣ್ಣಿನ ಮೇಲೆ! ಇದೇನಪ್ಪ ಹುಚ್ಚು ಎಂದುಕೊಂಡೆ. ಅವಳು ಉಸಿರು ಬಿಗಿಹಿಡಿದು ಕೇಳಿದಳು. ಕೇಳಿ ಆದಮೇಲೆ ನನ್ನನ್ನು ಕರೆದು ಕೊಳವೆಗಳನ್ನು ನನ್ನ ಕಿವಿಗೆ ಸಿಕ್ಕಿಸಿದಳು.

ಎಡಗಿವಿಯಲ್ಲಿ ಕೇಳಿಸಿತು. ಶೂ... ಶೂ... ಶೂ... ಬಟ್ಟೆ ಒಗೆಯುವ ಕಲ್ಲಿನ ಮೇಲೆ ಯಾರೋ ಕಂಬಳಿ ಉಜ್ಜುತ್ತಿದ್ದ ಹಾಗೆ. ಮೂರು ವಾರ ಇವನು ಇದನ್ನು ತಲೆಯೊಳಗೆ ಇಟ್ಟುಕೊಂಡು ನನ್ನ ಬಿಯರ್ ಪೆಟ್ಟಿಗೆ ಹೊತ್ತಿದ್ದ.

“ತಲೆಗೆ ಪೆಟ್ಟು ಬಿದ್ದಿತ್ತಾ?” ಎಂದಳು ಮಿರೆಯಾ.

“ಮೆಟ್ಲ ಮೇಲೆ ಜಾರ್ದೆ,” ಎಂದ ಅರ್ನುಲ್ಫೊ, ಕಣ್ಣು ತೆರೆಯದೆಯೇ.

“ಸುಳ್ಳು,” ಎಂದೆ. “ತೇಹೊ ಬಿತ್ತು ಡಾಕ್ಟರಮ್ಮ. ಹಲಗೆಗೆ ಬಡಿದು ಪುಟಿದು ಬಂದಿದ್ದು. ಎಸೆದೋಳು ನಾನು. ಇವ್ನು ಸರಿಯೋದ್ರೊಳಗೆ ಎಸೆದೆ. ಇಪ್ಪತ್ತೆರಡು ದಿನ ಆಯ್ತು.”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರೆದುಕೊಂಡು, ಕುರ್ಚಿ ಎಳೆದು ಕುಳಿತು, ನನಗೆ ತಿಳಿಯುವ ಹಾಗೆ ಹೇಳಿದಳು. ಕಣ್ಣಿನ ಹಿಂದೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೊಂದಿದೆ. ಅದು ಅಲ್ಲಿ ಕೆಟ್ಟ ರಕ್ತ ನಿಲ್ಲುವ ಒಂದು ಗುಂಡಿಯನ್ನು ಹಾದು ಹೋಗುತ್ತದೆ. ಪೆಟ್ಟು ಬಿದ್ದು ಆ ನಾಳ ಸೀಳಿದೆ. ಎದೆ ಒಮ್ಮೆ ಬಡಿದರೆ ಒಮ್ಮೆ ರಕ್ತ ಆ ಗುಂಡಿಗೆ ನುಗ್ಗುತ್ತದೆ, ಅಲ್ಲಿಂದ ಕಣ್ಣಿಗೆ ಹಿಂದಕ್ಕೆ ಒತ್ತುತ್ತದೆ. ಸದ್ದು ಅದರದೇ. ಕೆಲವೊಮ್ಮೆ ಪೆಟ್ಟು ಬಿದ್ದು ಎಷ್ಟೋ ದಿನವಾದ ಮೇಲೆ ಕಾಣಿಸಿಕೊಳ್ಳುತ್ತದೆಯಂತೆ.

“ಬಿಟ್ರೆ ಏನಾಗುತ್ತೆ?”

“ಬಿಟ್ರೆ ಕಣ್ಣು ಹೋಗುತ್ತೆ. ಮಿದುಳೊಳಗೆ ರಕ್ತ ಸೋರ್ಬಹುದು. ಆದ್ರೆ ಬಿಡಲ್ಲವಲ್ಲ ಅಮ್ಮ. ನೀವು ಸರಿಯಾದ ಸಮಯಕ್ಕೆ ಕರ್ಕೊಂಡು ಬಂದಿದ್ದೀರಿ.”

ಸರಿಯಾದ ಸಮಯಕ್ಕೆ! ಆ ಮಾತು ನನ್ನ ಎದೆಗೆ ಚುಚ್ಚಿತು.

ಔಷಧ ಚುಚ್ಚಿ ತಲೆಯ ಫೋಟೋ ತೆಗೆದರು. ಮಿರೆಯಾ ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಮೂಳೆಯಲ್ಲೂ ಕೂದಲೆಳೆಯಷ್ಟು ಬಿರುಕಿತ್ತು. ಆ ರಿಪೇರಿ ಮಾಡುವವರು ಬೊಗೋತಾದಲ್ಲೇ ಇರುವುದು. ವಿಮೆಯವರ ಅನುಮತಿ ಬರಲು ನಾಲ್ಕು ದಿನ ಬೇಕು ಎಂದು ಯಾರೋ ಫೋನಿನಲ್ಲಿ ಅಂದಾಗ ಅವಳು ಫೋನ್ ಹಿಡಿದೇ ಒಂದು ಗಂಟೆ ಜಗಳವಾಡಿದಳು. ಅವಳ ಗಂಟಲೂ ಕಡಿಮೆಯದೇನಲ್ಲ. ಮರುದಿನ ಬೆಳಕು ಹರಿಯುತ್ತಲೇ ಆಂಬುಲೆನ್ಸ್ ಹೊರಟಿತು.

ದಾರಿಯಲ್ಲಿ ಅರ್ನುಲ್ಫೊ ಮಲಗಿದ್ದಲ್ಲಿಂದಲೇ, “ಅತ್ತೆ, ಮಾರ್ಲೆನಿಗೆ ಮೆಟ್ಲು ಅಂತ್ಲೇ ಇರ್ಲಿ,” ಎಂದ.

“ಬಾಯ್ಮುಚ್ಕೊಂಡು ಮಲ್ಕೋ,” ಎಂದೆ. ಆಂಬುಲೆನ್ಸಿನ ಕಿಟಕಿಗೆ ಮುಖ ತಿರುಗಿಸಿದೆ. ಹೊರಗೆ ಆಲೂಗಡ್ಡೆ ಹೊಲಗಳ ಮೇಲೆ ಮಂಜಿತ್ತು, ಏನೂ ಸರಿಯಾಗಿ ಕಾಣಲಿಲ್ಲ.

ಬೊಗೋತಾದ ಆಸ್ಪತ್ರೆಯಲ್ಲಿ ಮಾರ್ಲೆನಿ ಮೊದಲೇ ಬಂದು ಕಾಯುತ್ತಿದ್ದಳು. ತೋಟದ ರಬ್ಬರ್ ಬೂಟು ಕಾಲಲ್ಲೇ ಇತ್ತು. ನರೆಗೂದಲಿನ ಡಾಕ್ಟರೊಬ್ಬರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ತಲೆ ತೆರೆಯುವುದಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ದಾರದಂಥ ಕೊಳವೆ ತೂರಿಸಿ, ಹೊಟ್ಟೆ, ಎದೆ, ಕುತ್ತಿಗೆ ದಾಟಿಸಿ ಸೀಳಿನ ತನಕ ಒಯ್ಯುತ್ತಾರೆ. ಅಲ್ಲಿ ಪ್ಲಾಟಿನಂ ತಂತಿಯ ಸುರುಳಿಗಳನ್ನು ಒಂದೊಂದಾಗಿ ಬಿಟ್ಟು ಗುಂಡಿಯನ್ನು ತುಂಬಿ ಸೀಳಿಗೆ ಬೆಣೆ ಹಾಕುತ್ತಾರೆ. ದೊಡ್ಡ ನಾಳ ಮಾತ್ರ ತೆರೆದೇ ಇರಬೇಕು. ಅಲ್ಲಿ ಕೈ ತಪ್ಪಿದರೆ ಪಾರ್ಶ್ವವಾಯು ಹೊಡೆಯಬಹುದು ಎಂದೂ ಹೇಳಿದರು. ಮಾರ್ಲೆನಿ ಸಹಿ ಹಾಕಿದಳು. ಒಂದಕ್ಷರವೂ ಸೊಟ್ಟಗಾಗಲಿಲ್ಲ. ಅದು ನನ್ನಿಂದ ಬಂದ ಕೈ.

ಒಂಬತ್ತು ಗಂಟೆಗೆ ಅವನನ್ನು ಒಳಗೆ ಒಯ್ದರು. ಮುಚ್ಚಿದ ಬಾಗಿಲ ಮುಂದೆ ನಾವಿಬ್ಬರೇ ಉಳಿದೆವು. ಮಾರ್ಲೆನಿ ಬೆಲ್ಲದ ನೀರು ತಂದು ಕೊಟ್ಟಳು. ನನ್ನ ಲೋಟವನ್ನು ಪಕ್ಕಕ್ಕಿಟ್ಟೆ. ಇನ್ನು ಮುಚ್ಚಿಡಬಾರದು ಅನ್ನಿಸಿತು.

“ಮಾರ್ಲೆನಿ, ಮೆಟ್ಲಲ್ಲ ಕಣೇ,” ಎಂದೆ. “ನನ್ ತೇಹೊ. ನಾನೇ ಎಸೆದಿದ್ದು. ಆಟ ಗೆಲ್ಬೇಕು ಅನ್ನೋ ಹುಚ್ಚಲ್ಲಿ ಕಾಯದೇನೇ ಎಸೆದುಬಿಟ್ಟೆ. ಊರಿನ ಡಾಕ್ಟ್ರ ಮುಂದೇನೂ ಬಾಯ್ಬಿಡ್ಲಿಲ್ಲ. ನೀನು ನನ್ನನ್ನ ಏನ್ ಬೇಕಾದ್ರೂ ಅನ್ನು.”

ಅವಳು ಲೋಟದೊಳಗೆ ನೋಡುತ್ತಿದ್ದಳು. “ಗೊತ್ತಮ್ಮ,” ಎಂದಳು.

“ಏನ್ ಗೊತ್ತು?”

“ಅವತ್ತು ಸಂಜೇನೇ ಗೊತ್ತು. ನೀನು ಫೋನ್ ಇಟ್ಟ ಮೇಲೆ ಅವ್ರು ಮತ್ತೆ ಮಾಡಿದ್ರು. ‘ಅತ್ತೆ ಕೈಯಿಂದ ತಪ್ಪಿ ಬಿತ್ತು. ನಿನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾಗೋದು ಬೇಡ. ಅವ್ರು ಆಗಿಂದ ಏನೂ ತಿಂದಿಲ್ಲ, ಪಾಪ, ಒಳಗೊಳಗೇ ಬೇಯ್ತಿದ್ದಾರೆ’ ಅಂದ್ರು. ದಿನಾ ಫೋನಲ್ಲಿ ನೀನು ಊಟ ಮಾಡಿದ್ಯೋ ಇಲ್ವೋ ಅಂತ ನಂಗೆ ವರದಿ ಒಪ್ಪಿಸ್ತಿದ್ರು. ಆದ್ರೆ ಈ ಸದ್ದಿನ ವಿಷ್ಯ ಮಾತ್ರ ಒಂದ್ ದಿನಾನೂ ಹೇಳ್ಲಿಲ್ಲ. ಹೇಳಿದ್ರೆ ನೀನು ಇನ್ನೂ ನೊಂದ್ಕೋತೀಯ ಅಂತ ಇರ್ಬೇಕು.”

ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಯಾರನ್ನು ನಾನು ಮಂದ ಎಂದು ಆರು ವರ್ಷ ಜರೆದಿದ್ದೆನೋ ಅವನು ನನ್ನ ತಟ್ಟೆಯ ತುತ್ತು ಎಣಿಸುತ್ತಿದ್ದ. ಅವನ ಕಣ್ಣಿನೊಳಗೆ ರಕ್ತ ನುಗ್ಗುತ್ತಿದ್ದುದನ್ನು ನಾನು ನೋಡಿರಲಿಲ್ಲ. ಮಾರ್ಲೆನಿಯ ಹೆಗಲಿಗೆ ತಲೆಯಿಟ್ಟು ಅತ್ತೆ. ಗಂಡ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ. “ದೇವ್ರೇ, ಆ ಒಂದು ಕಣ್ಣು ಉಳಿಸಪ್ಪ, ಈ ಪಿಶಾಚಿ ನಾಲಗೆನ ಬೇಕಾದ್ರೆ ತಗೋ,” ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ. ಎದುರು ಬೆಂಚಿನಲ್ಲಿದ್ದ ಹೆಂಗಸು ಶಿಲುಬೆ ಗುರುತು ಹಾಕಿಕೊಂಡಳು.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ನರೆಗೂದಲಿನ ಡಾಕ್ಟರು ಟೋಪಿ ತೆಗೆಯುತ್ತ ಬಂದರು.

“ಮುಚ್ಚಿತು,” ಎಂದರು. “ಒಂಬತ್ತು ಸುರುಳಿ ಹಿಡೀತು. ದೊಡ್ಡ ನಾಳದಲ್ಲಿ ರಕ್ತ ಚೆನ್ನಾಗಿ ಹರೀತಿದೆ, ಕೈಕಾಲು ಎಲ್ಲ ಆಡಿಸ್ತಿದ್ದಾರೆ.”

“ಕಣ್ಣು?” ಎಂದೆವು ಇಬ್ಬರೂ ಒಟ್ಟಿಗೆ.

“ಕಣ್ಣು ಕಾಣುತ್ತೆ. ಊತ, ಕೆಂಪು ವಾರದಲ್ಲಿ ಇಳಿಯುತ್ತೆ. ಎರಡೆರಡು ಕಾಣೋದು ಹೋಗೋಕೆ ಒಂದೆರಡು ತಿಂಗಳು ಬೇಕಾಗ್ಬಹುದು. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಈ ಮಾತು ಹೇಳೋಕೆ ಆಗ್ತಿರ್ಲಿಲ್ಲ.”

ಹೋದ ಜೀವ ಬಂದ ಹಾಗಾಯಿತು. ಮಾರ್ಲೆನಿ ಬೂಟುಗಾಲಲ್ಲೇ ಎದ್ದು ಡಾಕ್ಟರನ್ನು ತಬ್ಬಿಕೊಂಡಳು. ನನಗೆ ಇದ್ದಕ್ಕಿದ್ದಂತೆ ಹೊಟ್ಟೆ ಹಸಿಯಿತು, ಎಂಥ ಹಸಿವು! ತಣ್ಣಗಾಗಿದ್ದ ಬೆಲ್ಲದ ನೀರನ್ನು ಒಂದೇ ಗುಟುಕಿಗೆ ಕುಡಿದೆ. ಮಾರ್ಲೆನಿ ಚೀಲದಿಂದ ಚೀಸ್ ತುಂಬಿದ ಜೋಳದ ರೊಟ್ಟಿ ತೆಗೆದುಕೊಟ್ಟಳು, ಅದನ್ನೂ ತಿಂದೆ. ಅವಳದನ್ನೂ ಅರ್ಧ ತಿಂದೆ.

ಮೂರು ಗಂಟೆಯ ಹೊತ್ತಿಗೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಮಾರ್ಲೆನಿ ಹೋಗಿ ಬಂದು, “ನಿನ್ನನ್ನ ಕರೀತಿದ್ದಾರೆ,” ಎಂದಳು. ಹೋದೆ. ಅರ್ನುಲ್ಫೊ ಬಲಗಾಲು ನೀಟಾಗಿ ಚಾಚಿ ಮಲಗಿದ್ದ, ಅಲುಗಾಡಬಾರದು ಎಂದು ನರ್ಸ್ ಕಟ್ಟಪ್ಪಣೆ ಮಾಡಿದ್ದಳು. ಕಣ್ಣು ಇನ್ನೂ ಕೆಂಪಗೇ ಇತ್ತು. ಆದರೆ ಅವನ ಎಡಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು, ಒಂದು ಬೆರಳೂ ಕುಟ್ಟುತ್ತಿರಲಿಲ್ಲ.

“ಅತ್ತೆ,” ಎಂದ, “ನಿಂತೋಯ್ತು.”

“ಪೂರ್ತಿನಾ?”

“ಪೂರ್ತಿ. ಎಷ್ಟು ಸದ್ದಿಲ್ಲ ಅಂದ್ರೆ, ಕಿವೀನೇ ಹೋಯ್ತೇನೋ ಅಂತ ಭಯ ಆಗ್ತಿದೆ.” ಒಣಗಿದ ತುಟಿಯಲ್ಲೇ ನಕ್ಕ. “ನೀವೊಂದ್ಸಲ ಜೋರಾಗಿ ಬೈರಿ ಅತ್ತೆ. ಕೇಳ್ಸುತ್ತಾ ನೋಡೋಣ.”

ಬೈಯುವುದನ್ನು ನನಗೆ ಹೇಳಿಕೊಡಬೇಕೆ! ಸೊಂಟಕ್ಕೆ ಕೈಯಿಟ್ಟು ನಿಂತೆ. ‘ಕಳ್ಳ ನನ್ಮಗನೇ, ಊರನ್ನೆಲ್ಲ ಹೆದರಿಸಿ ಇಲ್ಲಿ ರಾಜನ ಹಾಗೆ ಬಿದ್ಕೊಂಡಿದ್ದೀಯಾ’ ಎಂದು ಶುರುಮಾಡುವವಳಿದ್ದೆ. ಬಾಯಿ ತೆರೆದೆ. ಮೊದಲ ಮಾತು ಒಳಗೇ ಉಳಿಯಿತು, ಕೊನೆಯವೂ ಉಳಿದವು. ನಡುವಿನದೊಂದೇ ಹೊರಗೆ ಬಂತು.

“ನನ್ ಮಗನೇ,” ಎಂದೆ.

“ಕೇಳ್ಸ್ತು ಅತ್ತೆ,” ಎಂದ ಅರ್ನುಲ್ಫೊ.